ಅಂಚೆಯ ಪೆಟ್ಟಿಗೆಯಲ್ಲಿ ಹವಳ

ಕೊಟ್ಟೂರಿನ ನನ್ನ ಮಿತ್ರರೊಬ್ಬರು ಕಳೆದ ತಿಂಗಳು ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಹುಡುಗನಿಗೆ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವುಂಟು. ಅವನು ತಾತನ ಮೊಬೈಲಿನಲ್ಲಿ ಒಂದು ಜಾಹೀರಾತನ್ನು ತೆಗೆದು ತೋರಿಸಿದನು. ನಾನಾ ವರ್ಣಗಳ ಜೀವಂತ ಹವಳವನ್ನು ಪಾರ್ಸೆಲಿನ ಮೂಲಕ ಮನೆಯ ಬಾಗಿಲಿಗೇ ಕಳುಹಿಸುವುದಾಗಿ ಅದರಲ್ಲಿ ಬರೆದಿದ್ದಿತು. "ಮೇಷ್ಟ್ರೇ, ಹವಳವೆಂದರೆ ನವರತ್ನಗಳಲ್ಲಿ ಒಂದು ಕಲ್ಲು ತಾನೆ? ಮಗು ಹಟ ಹಿಡಿದಿದ್ದಾನೆ. ತರಿಸಿದರೆ ದೋಷವೇನು?" ಎಂದು ಮಿತ್ರರು ಕೇಳಿದರು. ಈ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಏಳತಕ್ಕದ್ದಾದುದರಿಂದ, ಅವರಿಗೆ ಹೇಳಿದುದನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ಹವಳವು ಕಲ್ಲೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಸಂಸ್ಕೃತದಲ್ಲಿ ಅದಕ್ಕೆ ಪ್ರವಾಳವೆಂದೂ ವಿದ್ರುಮವೆಂದೂ ಹೆಸರು. ಪ್ರವಾಳವೆಂದರೆ ಚಿಗುರು ಎಂಬ ಅರ್ಥವೂ ಉಂಟು. ವಿದ್ರುಮದಲ್ಲಿ ಮರವೆಂಬರ್ಥದ ದ್ರುಮಶಬ್ದವೇ ಅಡಗಿದೆ. ಕೊಂಬೆಕೊಂಬೆಯಾಗಿ ಬೆಳೆಯುವ ಅದನ್ನು ಪೂರ್ವಿಕರು ಗಿಡವೆಂದು ಎಣಿಸಿದುದು ಸಹಜವೇ. ಯುರೋಪಿನ ಪಂಡಿತರೂ ಬಹುಕಾಲ ಹಾಗೆಯೇ ತಿಳಿದಿದ್ದರು. 18ನೆಯ ಶತಮಾನದ ಪೂರ್ವಾರ್ಧದಲ್ಲಿ ಫ್ರಾನ್ಸಿನ ಪೇಸೊನೆಲ್ ಎಂಬ ವೈದ್ಯನು, ಹವಳದ ಮೇಲೆ ಕಾಣುವ ಹೂವುಗಳು ಹೂಗಳಲ್ಲ, ಸಣ್ಣ ಪ್ರಾಣಿಗಳು ಎಂದು ಸಾರಿದಾಗ ವಿದ್ವಾಂಸರು ಒಡನೆ ನಂಬಲಿಲ್ಲ. ಕಡೆಗೆ ಅವನ ಮಾತೇ ನಿಂತಿತು.

ಇದನ್ನು ಕೇಳಿ ಹುಡುಗನು, "ಹಾಗಾದರೆ ಅದಕ್ಕೆ ಬಾಯಿ ಇದೆಯೇ ತಾತಾ?" ಎಂದನು. ಉಂಟು. ಒಂದೊಂದು ಹವಳದ ತುಂಡೂ ಅನೇಕ ಪುಟ್ಟ ಜೀವಿಗಳ ಒಟ್ಟು ಕುಟುಂಬ. ಒಂದೊಂದು ಜೀವಿಗೂ ಬಾಯಿಯೂ, ಅದರ ಸುತ್ತ ಆಹಾರವನ್ನು ಹಿಡಿಯುವ ಎಳೆಗಳೂ ಇರುತ್ತವೆ. ಬಂಡೆ ಕಟ್ಟುವ ಹವಳಗಳ ಮೈಯೊಳಗೆ ಸೂಕ್ಷ್ಮವಾದ ಪಾಚಿ ವಾಸವಾಗಿದ್ದು, ಬಿಸಿಲಿನ ಬಲದಿಂದ ಆಹಾರವನ್ನು ಸಿದ್ಧಪಡಿಸಿ ಮನೆಯ ಯಜಮಾನನಿಗೂ ಕೊಡುತ್ತದೆ. ಹವಳದ ಬಣ್ಣದಲ್ಲಿ ಬಹುಭಾಗ ಆ ಪಾಚಿಯದೇ. ನಾವು ಕಲ್ಲೆನ್ನುವುದು ಈ ಜೀವಿಗಳು ಸುಣ್ಣದಿಂದ ಕಟ್ಟಿಕೊಂಡ ಮನೆ. ಗುಂಡಾಗಿ ಬೆಳೆಯುವ ಜಾತಿಗಳು ವರ್ಷಕ್ಕೆ 2 ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುವುದು ಅಪರೂಪ. ಅಂಗೈಯಗಲದ ತುಂಡೆಂದರೆ ಎಷ್ಟು ವರ್ಷಗಳ ಗೃಹನಿರ್ಮಾಣವೆಂಬುದನ್ನು ಊಹಿಸಬಹುದು. ಉಂಗುರಕ್ಕೆ ಕೂಡಿಸುವ ಕೆಂಪು ಹವಳದ ಜಾತಿ ಬೇರೆ; ಅದು ಮೆಡಿಟರೇನಿಯನ್ ಮುಂತಾದ ಸಮುದ್ರಗಳಲ್ಲಿ ಬೆಳೆದ ಜೀವಿಗಳ ಒಣಗಿದ ಅಸ್ಥಿ. ಪೆಟ್ಟಿಗೆಯಲ್ಲಿ ಬರುವುದಾದರೋ ಉಸಿರಾಡುವ ಜೀವ.

ಈಗ ಅದರ ಪ್ರಯಾಣವನ್ನು ನೋಡೋಣ. ಹೂವಿನ ಹಡಗಲಿಯ ಮಲ್ಲಿಗೆಯನ್ನು ಪರಸ್ಥಳಕ್ಕೆ ಕಳುಹಿಸುವವರು ಎಷ್ಟು ಜಾಗ್ರತೆ ವಹಿಸಿದರೂ ಬಸ್ಸು ತಡವಾದರೆ ಮೊಗ್ಗು ಬಾಡುತ್ತದೆ. ಬಾಡಿದ ಹೂವಿಗೆ ನೋವಿಲ್ಲ. ಹವಳವನ್ನು ಸ್ವಲ್ಪ ಉಪ್ಪುನೀರಿನೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪೆಟ್ಟಿಗೆಯೊಳಗಿಡುತ್ತಾರೆ. ಕತ್ತಲೆಯಲ್ಲಿ ಪಾಚಿಯ ಅಡಿಗೆ ನಿಲ್ಲುತ್ತದೆ, ಉಸಿರಾಟ ಮಾತ್ರ ನಿಲ್ಲದು. ಆದಕಾರಣ ನೀರಿನ ಆಮ್ಲಜನಕ ಕಡಮೆಯಾಗಿ ಇಂಗಾಲಾಮ್ಲ ಹೆಚ್ಚುತ್ತದೆ. ಬೆದರಿದ ಹವಳವು ಲೋಳೆಯನ್ನು ಸುರಿಸುತ್ತದೆ, ಆ ಲೋಳೆ ಕೊಳೆತು ಅಮೋನಿಯಾ ಆಗುತ್ತದೆ. ಚೀಲವನ್ನು ಬಿಚ್ಚಿದೊಡನೆ ಇಂಗಾಲಾಮ್ಲ ಹೊರಟುಹೋಗಿ ಅದೇ ಅಮೋನಿಯಾ ಮತ್ತಷ್ಟು ವಿಷಮಯವಾಗುತ್ತದೆ. ಇದರ ಮೇಲೆ ತಾಪ ಬೇರೆ. ಸಾಮಾನ್ಯವಾಗಿ 24ರಿಂದ 28 ಡಿಗ್ರಿಯೊಳಗೆ ಹಿತವಾಗಿರುವ ಜೀವಿಯನ್ನು ಕೂಡ್ಲಿಗಿ ಹರಪನಹಳ್ಳಿಗಳ ಬೇಸಿಗೆಯ ಮಧ್ಯಾಹ್ನದಲ್ಲಿ ತಗಡಿನ ಮಾಡಿನ ಕೆಳಗೆ ಒಂದು ಗಳಿಗೆ ಮರೆತರೂ ಸಾಕು. ಕಳೆದ ಬೇಸಿಗೆಯಲ್ಲಿ ಬಸ್ಸಿನ ಮೂಲಕ ತರಿಸಿದ ಎಂಟು ಮೀನುಗಳಲ್ಲಿ ಐದು ಚೀಲದಲ್ಲಿಯೇ ಹೊಟ್ಟೆ ಮೇಲಾಗಿ ತೇಲುತ್ತಿದ್ದುವೆಂದು ಹುಡುಗನು ತಾನಾಗಿಯೇ ಒಪ್ಪಿಕೊಂಡನು. ಮೀನು ಹವಳಕ್ಕಿಂತ ಗಟ್ಟಿ ಜೀವಿ.

ದಾರಿಯಲ್ಲಿ ಬದುಕಿದರೂ ಮನೆಯಲ್ಲಿ ಬದುಕಬೇಕಷ್ಟೆ. ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಆ ಪ್ರಮಾಣ ತಪ್ಪಕೂಡದು. ನಮ್ಮ ಕಡೆಯ ಕೊಳವೆಬಾವಿಯ ಗಡುಸು ನೀರಿಗೆ ಅಡಿಗೆಯ ಉಪ್ಪನ್ನು ಬೆರಸಿದರೆ ಸಮುದ್ರವಾಗಲಾರದು. ದೀಪವೂ, ನೀರನ್ನು ಆಡಿಸುವ ಯಂತ್ರವೂ, ತಂಪುಗೊಳಿಸುವ ಯಂತ್ರವೂ ನಡೆಯುತ್ತಿರಬೇಕು. ವೈಶಾಖದಲ್ಲಿ ಒಂದು ರಾತ್ರಿ ವಿದ್ಯುತ್ತು ಹೋದರೆ ಬೆಳಗಾಗುವುದರೊಳಗೆ ಸರ್ವನಾಶವಾಗಬಹುದು.

ಗೃಹಿಣಿಯರು ಮುಖ್ಯವಾಗಿ ಗಮನಿಸಬೇಕಾದ ಅಪಾಯ ಇನ್ನೊಂದಿದೆ. ಹವಳದ ಹೆಸರಿನಲ್ಲಿ ಮಾರುವ ಗುಂಡಿಯಾಕಾರದ ಕೆಲವು ಜೀವಿಗಳಲ್ಲಿ, ಅದರಲ್ಲಿಯೂ ಪಾಲಿಥೋವಾ ಎಂಬ ಜಾತಿಯಲ್ಲಿ, ಪಾಲಿಟಾಕ್ಸಿನ್ ಎಂಬ ಘೋರವಿಷವಿರಬಹುದು. ಇದನ್ನು ಹವಾಯಿ ದ್ವೀಪದ ಜೀವಿಯಿಂದ ಬೇರ್ಪಡಿಸಿದ ಸಂಗತಿ 1971ರಲ್ಲಿ ಪ್ರಕಟವಾಯಿತು. ಗಾಯವಾದ ಕೈಯಿಂದ ಮುಟ್ಟಿದರೂ, ಕಣ್ಣಿಗೆ ಸಿಡಿದರೂ, ಕಲ್ಲನ್ನು ಉಜ್ಜುವಾಗ ಅಥವಾ ಬಿಸಿನೀರು ಹುಯ್ಯುವಾಗ ಏಳುವ ಹಬೆಯನ್ನು ಸೇವಿಸಿದರೂ ಅದು ಮೈಗೇರಬಹುದು. ಉಸಿರುಕಟ್ಟುವಿಕೆ, ಜ್ವರ, ಸ್ನಾಯುಗಳ ನೋವು ತೋರುತ್ತವೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನಲ್ಲಿ ತೊಟ್ಟಿಯನ್ನು ಶುಚಿಮಾಡಿದ ಒಂದು ಮನೆಯವರೂ ನೆರವಿಗೆ ಬಂದ ಅಗ್ನಿಶಾಮಕರೂ ಆಸ್ಪತ್ರೆಗೆ ಹೋಗಬೇಕಾಯಿತು. ಎಲ್ಲ ಹವಳವೂ ವಿಷವಲ್ಲ. ಆದರೆ ಚಿತ್ರವನ್ನು ನೋಡಿ ತರಿಸುವ ನಮಗೆ, ಬಂದ ಜಾತಿ ಯಾವುದೆಂದು ತಿಳಿಯುವ ಉಪಾಯವೇನು? ಕೂಸು ತೆವಳುವ ಮನೆಯಲ್ಲಿ ಈ ಪ್ರಶ್ನೆ ಸಣ್ಣದಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಹವಳಗಳನ್ನೂ ಕಪ್ಪು ಹವಳವನ್ನೂ ಇನ್ನು ಕೆಲವು ಬಗೆಗಳನ್ನೂ ಸೇರಿಸಿದರು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಉಂಟು. ಸಮುದ್ರದಿಂದ ಕಿತ್ತವನೂ ಮಾರಿದವನೂ ಮಾತ್ರವಲ್ಲ, ಕೊಂಡು ಮನೆಯಲ್ಲಿಟ್ಟವನೂ ಅಪರಾಧಿ. ಶಿಕ್ಷೆ 3 ವರ್ಷಕ್ಕೆ ಕಡಮೆಯಿಲ್ಲದೆ 7 ವರ್ಷದವರೆಗೆ ಸೆರೆವಾಸ ಮತ್ತು ದಂಡ. ಪರದೇಶದ ಕಲ್ಲುಹವಳಕ್ಕೂ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಂತೆ ಅನುಮತಿಪತ್ರ ಬೇಕು. ದೇಶದೇಶಗಳ ನಡುವಣ ಅಂಚೆಯ ಒಡಂಬಡಿಕೆಯಾದರೋ ಜೇನುನೊಣ, ಜಿಗಣೆ, ರೇಷ್ಮೆಹುಳುಗಳಂಥ ಕೆಲವನ್ನು ಬಿಟ್ಟು ಜೀವಂತ ಪ್ರಾಣಿಗಳನ್ನು ಕಾಗದಪತ್ರಗಳೊಡನೆ ಒಯ್ಯಲು ಒಪ್ಪುವುದಿಲ್ಲ. "ಆಟಿಕೆ" ಎಂದೋ "ಅಲಂಕಾರದ ವಸ್ತು" ಎಂದೋ ಚೀಟಿ ಅಂಟಿಸಿ ಬರುವ ಪೆಟ್ಟಿಗೆಯು ಸುಳ್ಳನ್ನು ಹೊತ್ತೇ ನಮ್ಮ ಹೊಸ್ತಿಲನ್ನು ದಾಟುತ್ತದೆ.

ಕಾನೂನು ಇಷ್ಟು ಕಠಿನವಾಗಲು ಕಾರಣವಿದೆ. ನಮ್ಮ ಕರ್ನಾಟಕದಲ್ಲಿಯೇ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳುಂಟು. ಲಕ್ಷದ್ವೀಪವಂತೂ ಹವಳದ ಮೇಲೆಯೇ ನಿಂತ ನಾಡು. ಸಮುದ್ರದ ನೀರು ಬೇಸಿಗೆಯ ವಾಡಿಕೆಯ ಮಿತಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಹವಳವು ತನ್ನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ, ತಾಪ ಇಳಿಯದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಉಳಿದುಕೊಂಡುದನ್ನೂ ಉಳಿಯಿಂದ ಒಡೆದು ಚೀಲಕ್ಕೆ ತುಂಬುವವರು ಇರುವುದು ಕೊಳ್ಳುವವರು ಇರುವುದರಿಂದ. ಸಮುದ್ರವನ್ನೇ ಕಾಣದ ನಮ್ಮ ಊರಿನಿಂದ ಹೋದ ಹಣವೂ ಆ ಉಳಿಗೆ ಬಲ ಕೊಡುತ್ತದೆ.

ಹಾಗೆಂದು ಮಕ್ಕಳ ಕುತೂಹಲವನ್ನು ಗದರಿಸಿ ಅಡಗಿಸತಕ್ಕದ್ದಲ್ಲ. ಸಿಹಿನೀರಿನ ಮೀನನ್ನು ಹತ್ತಿರದಲ್ಲಿ ಕಣ್ಣಾರೆ ನೋಡಿ ಕೊಂಡು, ಬೇಸಿಗೆ ಕಳೆದ ಮೇಲೆ ತಂದು, ಕ್ರಮವಾಗಿ ಸಾಕಲಿ. ಬೇಸರ ಬಂದಾಗ ಅವನ್ನು ಕೆರೆಗೆ ಬಿಡುವುದು ಮಾತ್ರ ಬೇಡ. ಪರದೇಶದ ಮೀನು ನಮ್ಮ ಕೆರೆಗಳಲ್ಲಿ ವಂಶ ಬೆಳೆಸಿ ನಾಟಿ ಮೀನನ್ನು ಹಿಂದಟ್ಟುತ್ತದೆ. ಹಗರಿಬೊಮ್ಮನಹಳ್ಳಿಯ ಬಳಿಯ ಅಂಕಸಮುದ್ರದ ಕೆರೆಯು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಲೋಕಪ್ರಸಿದ್ಧವಾಗಿದೆ. ಅಲ್ಲಿ ಸಾವಿರಾರು ಹಕ್ಕಿಗಳು ಯಾವ ಪಾರ್ಸೆಲೂ ಇಲ್ಲದೆ ತಾವಾಗಿಯೇ ಬಂದಿಳಿಯುತ್ತವೆ. ಮಕ್ಕಳನ್ನು ಒಂದು ಮುಂಜಾನೆ ಅಲ್ಲಿಗೆ ಕರೆದೊಯ್ಯುವ ಖರ್ಚು ಹವಳದ ಒಂದು ತುಂಡಿನ ಬೆಲೆಗಿಂತ ಕಡಮೆ.

ಮಿತ್ರರು ಮೊಮ್ಮಗನ ಮುಖವನ್ನು ನೋಡಿದರು. ಅವನು ಬಹಳ ಹೊತ್ತು ಆ ಚಿತ್ರವನ್ನೇ ದಿಟ್ಟಿಸುತ್ತಿದ್ದು, "ಕತ್ತಲೆಯಲ್ಲಿ ಅದಕ್ಕೆ ಉಸಿರು ಸಾಲುವುದಿಲ್ಲವಲ್ಲ, ಬೇಡ ತಾತಾ" ಎಂದು ಮೊಬೈಲನ್ನು ಹಿಂದಿರುಗಿಸಿದನು. ಮುಂದಿನ ಭಾನುವಾರ ನಾವು ಮೂವರೂ ಅಂಕಸಮುದ್ರಕ್ಕೆ ಹೋಗುವುದೆಂದು ಗೊತ್ತಾಯಿತು.