ಎಚ್‌ಡಿಕೆ ಗೊತ್ತು, ಜಿಬಿಐಟಿ ಗೊತ್ತಾ?

ಚಾಟ್‌ನಲ್ಲಿ ‘ಐಡಿಕೆ’ ಅಂತ ಬಂದ್ರೆ ‘ನಂಗೊತ್ತಿಲ್ಲ’ ಅಂತ ಅರ್ಥ. ‘ಟಿಬಿಎಚ್’ ಅಂದ್ರೆ ‘ನಿಜ ಹೇಳ್ಬೇಕಂದ್ರೆ’. ಇವನ್ನೆಲ್ಲ ಮನೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗುತ್ತೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಎಚ್‌ಡಿಕೆ, ಡಿಕೆಶಿ, ಸಿಪಿವೈ ಅಂದರೆ ಸಾಕು, ಅಜ್ಜಿಗೂ ಗೊತ್ತು, ಮೊಮ್ಮಗನಿಗೂ ಗೊತ್ತು. ಇಲ್ಲಿನ ರಾಜಕೀಯ ಅರ್ಥವಾಗಬೇಕಾದರೆ ಈ ಮೂರಕ್ಷರಗಳನ್ನೇ ಮೊದಲು ಬಿಡಿಸಬೇಕು ಅನ್ನೋದು ನನ್ನ ಅನಿಸಿಕೆ.

ಡಿ.ಕೆ. ಅಂದರೆ ದೊಡ್ಡಾಲಹಳ್ಳಿ ಕೆಂಪೇಗೌಡ, ಎಚ್.ಡಿ. ಅಂದರೆ ಹರದನಹಳ್ಳಿ ದೇವೇಗೌಡ. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಇನಿಶಿಯಲ್ ಇಡುವ ನಮ್ಮ ಹಳೇ ಪದ್ಧತಿಯೇ ಇದು, ತಪ್ಪೇನಿಲ್ಲ. ಆದರೆ ಪೋಸ್ಟರ್‌ನಿಂದ ಸ್ಟೇಟಸ್‌ಗೆ ಬರುವಷ್ಟರಲ್ಲಿ ಅದು ಒಂದು ಮನೆತನದ ಬ್ರ್ಯಾಂಡ್ ಆಗಿಬಿಟ್ಟಿದೆ. ಈ ಅಕ್ಷರಗಳಲ್ಲಿ ಪಕ್ಷವೂ ಇಲ್ಲ, ಕಾರ್ಯಕ್ರಮವೂ ಇಲ್ಲ.

ಸಿಪಿವೈ ಉದಾಹರಣೆ ನೋಡಿ. ಸಿ.ಪಿ. ಯೋಗೇಶ್ವರ್ 1999ರಲ್ಲಿ ಚನ್ನಪಟ್ಟಣದಿಂದ ಪಕ್ಷೇತರರಾಗಿ ಗೆದ್ದರು. ಆಮೇಲೆ ಕಾಂಗ್ರೆಸ್, ಬಿಜೆಪಿ, ಸಮಾಜವಾದಿ ಪಕ್ಷ, ಮತ್ತೆ ಬಿಜೆಪಿ. 2024ರ ಅಕ್ಟೋಬರ್‌ನಲ್ಲಿ ಮತ್ತೆ ಕಾಂಗ್ರೆಸ್. ನವೆಂಬರ್‌ನ ಉಪಚುನಾವಣೆಯಲ್ಲಿ ನಿಖಿಲ್ ಕುಮಾರಸ್ವಾಮಿ ವಿರುದ್ಧ 25,413 ಮತಗಳಿಂದ ಗೆದ್ದರು. ಪಕ್ಷದ ಹೆಸರು ಬದಲಾದಂತೆಲ್ಲ ಸಿದ್ಧಾಂತದ ಬಗ್ಗೆ ಯಾರಾದರೂ ಲೆಕ್ಕ ಕೇಳಬೇಕಿತ್ತಲ್ವಾ? ಸಿಪಿವೈ ಮಾತ್ರ ಸಿಪಿವೈ ಆಗೇ ಉಳಿದದ್ದರಿಂದ ಆ ಪ್ರಶ್ನೆ ಏಳಲೇ ಇಲ್ಲ.

ಈಗ ಇನ್ನೊಂದು ಬಗೆಯ ಅಕ್ಷರ: ಜಿಬಿಐಟಿ. ಗ್ರೇಟರ್ ಬೆಂಗಳೂರು ಇಂಟಿಗ್ರೇಟೆಡ್ ಟೌನ್‌ಶಿಪ್. ಬಿಡದಿ ಹತ್ತಿರ ಸಾವಿರಾರು ಎಕರೆಯಲ್ಲಿ ಎದ್ದೇಳಬೇಕಾದ ಹೊಸ ಪಟ್ಟಣ. ಇದಕ್ಕಾಗಿ ಜಮೀನು ಬಿಡಲ್ಲ ಅಂತ 2025ರಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರು ಧರಣಿ ಕೂತರು. ಅದೇ ವರ್ಷ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಡಲು ಸಂಪುಟ ಒಪ್ಪಿತು. ಹೆಸರಿನ ಜಗಳ ಡಿಕೆಶಿ ವರ್ಸಸ್ ಎಚ್‌ಡಿಕೆ ಆಗಿ ಎಲ್ಲರ ಫೋನಿಗೂ ಬಂತು. ಜಮೀನಿನ ಜಗಳವನ್ನೂ ಅದೇ ಚೌಕಟ್ಟಿನಲ್ಲಿ ತೋರಿಸಲಾಯಿತು. ಯಾವ ದರ, ಎಷ್ಟು ಎಕರೆ, ಗೇಣಿದಾರರಿಗೆ ಏನು ಅನ್ನೋ ಪ್ರಶ್ನೆಗಳು ಹಿಂದೆ ಸರಿದವು.

ಹಾಗಂತ ಇಂಗ್ಲಿಷ್ ಅಕ್ಷರ ನಮ್ಮ ಜನಕ್ಕೆ ಅರ್ಥವಾಗಲ್ಲ ಅಂತಲ್ಲ. ‘ಆರ್‌ಟಿಸಿ’ ಅಂದರೆ ಪಹಣಿ ಅಂತ ರೈತರಿಗೆ ಚೆನ್ನಾಗಿ ಗೊತ್ತು. ನಾಡಕಚೇರಿಗೆ ಹತ್ತಾರು ಸಲ ಅಲೆದು ಕಲಿತದ್ದು ಅದು. ಜಿಬಿಐಟಿ ವಿಷಯದಲ್ಲಿ ಹಾಗೆ ನಿಧಾನವಾಗಿ ಕಲಿಯೋಕೆ ಟೈಮಿಲ್ಲ. ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸೋಕೆ ಗಡುವು ಇರುತ್ತೆ.

ಚಾಟ್ ಭಾಷೆ ಬಲ್ಲ ಹುಡುಗರು ಹುಡುಗಿಯರೇ ಇಲ್ಲಿ ಕೆಲಸಕ್ಕೆ ಬರೋದು. ಮನೆಗೆ ನೋಟಿಸ್ ಬಂದರೆ ಅದರಲ್ಲಿರುವ ಪ್ರತಿ ಸಂಕ್ಷಿಪ್ತ ಪದವನ್ನೂ ಕನ್ನಡದಲ್ಲಿ ಬಿಡಿಸಿ ಗ್ರೂಪಿಗೆ ಹಾಕಿ, ಕೊನೇ ದಿನಾಂಕ ಸಮೇತ. ಮುಂದಿನ ಸಲ ಮೂರಕ್ಷರದ ನಾಯಕರು ವೋಟು ಕೇಳೋಕೆ ಬಂದಾಗ ಆ ಮೆಸೇಜನ್ನೇ ತೆಗೆದು ಮುಂದಿಡಿ. ಆಗ ‘ಐಡಿಕೆ’ ಅಂತ ಜಾರಿಕೊಳ್ಳೋದು ಅವರಿಗೆ ಕಷ್ಟವಾಗುತ್ತೆ.