ಗುಜರಿಯೆಂದು ಹೀಗಳೆಯುವ ಮುನ್ನ

ಚನ್ನರಾಯಪಟ್ಟಣದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಹೊಳೆನರಸೀಪುರದಲ್ಲಿ ನನ್ನಿಂದ ವಿಜ್ಞಾನ ಕಲಿತ ಶಿಷ್ಯನೊಬ್ಬ ಪಕ್ಕದಲ್ಲಿ ಕುಳಿತಿದ್ದ. ಈಗ ದೊಡ್ಡ ಹುದ್ದೆಯಲ್ಲಿದ್ದಾನೆ. ಮಾತು ಬೆಂಗಳೂರಿನ ಎಚ್.ಎ.ಎಲ್. ಕಡೆಗೆ ಹೊರಳಿತು. "ಮೊದಮೊದಲು ಅವರು ಮಾಡಿದ್ದೇನು ಸಾರ್? ಬ್ರಿಟಿಷರು ಬಿಸಾಡಿದ ಗುಜರಿ ಲಿಬರೇಟರ್‌ಗಳಿಗೆ ಬಣ್ಣ ಬಳಿದದ್ದು ತಾನೆ?" ಎಂದ. ಎಲೆಯ ಮುಂದೆ ಜಗಳ ಬೇಡವೆಂದು ಸುಮ್ಮನಾದೆ. ಇಲ್ಲಿ ಸುಮ್ಮನಿರಲಾರೆ.

ಮೊದಲು ವಿಮಾನದ ಮಾತು. ಲಿಬರೇಟರ್ ಚೆಲುವಾದುದಲ್ಲ, ಡೊಳ್ಳು ಹೊಟ್ಟೆಯದು. ನೀರಿನ ಮೇಲೆ ಇಳಿಸಬೇಕಾಗಿ ಬಂದರೆ ಸುಲಭವಾಗಿ ಮುರಿಯುತ್ತಿತ್ತು. ಇಂಧನ ಸೋರಿ ಬೆಂಕಿ ಹೊತ್ತಿಕೊಳ್ಳುವ ಭಯವೂ ಇತ್ತು. ಇವೆಲ್ಲ ಒಪ್ಪತಕ್ಕವೇ. ಆದರೆ ಅದರ ಉದ್ದನೆಯ ಕಿರಿದಾದ ರೆಕ್ಕೆ ಅದಕ್ಕೆ ಬಹುದೂರ ಹಾರುವ ಶಕ್ತಿಯನ್ನಿತ್ತಿತು. 1943ರಲ್ಲಿ ಅಟ್ಲಾಂಟಿಕ್ ಸಾಗರದ ನಡುಭಾಗದಲ್ಲಿ, ಬೇರೆ ವಿಮಾನಗಳಿಗೆ ಎಟುಕದಿದ್ದ ಕಡೆ, ಜರ್ಮನರ ಜಲಾಂತರ್ಗಾಮಿಗಳನ್ನು ಬೆನ್ನಟ್ಟಿದ್ದು ಇದೇ. ಬಾಂಬು ಹಾಕಿತು, ಸಾಮಾನು ಹೊತ್ತಿತು, ಹಿಮಾಲಯದಾಚೆ ಚೀನಾಕ್ಕೆ ಪೆಟ್ರೋಲು ಸಾಗಿಸಿತು, ಚರ್ಚಿಲ್‌ರನ್ನೂ ಕೂರಿಸಿಕೊಂಡು ಹೋಯಿತು. 18,000ಕ್ಕೂ ಹೆಚ್ಚು ತಯಾರಾದದ್ದು ಸುಮ್ಮನೆ ಅಲ್ಲ.

ಇನ್ನು ಆ 'ಬಣ್ಣ'ದ ವಿಚಾರ. ಯುದ್ಧಕಾಲದ ಕರಾರಿನ ಮೇಲೆ ಅಮೆರಿಕ ಕೊಟ್ಟಿದ್ದ ಈ ವಿಮಾನಗಳನ್ನು ಬ್ರಿಟಿಷ್ ವಾಯುಪಡೆ ಕಾನ್ಪುರದಲ್ಲಿ ರಾಶಿ ಹಾಕಿ, ಯಾರೂ ಮತ್ತೆ ಹಾರಿಸಬಾರದೆಂದು ಬೇಕೆಂದೇ ಕೆಡಿಸಿ ಹೋಯಿತು. ಉಪಕರಣಗಳನ್ನು ಒಡೆದರು, ಎಂಜಿನ್ನಿಗೆ ಮರಳು ಸುರಿದರು. ಅರಕಲಗೂಡಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರನ್ನು ಕೇಳಿ ನೋಡಿ: ಹೊಸ ಎಂಜಿನ್ ಕೂರಿಸುವುದು ಕಷ್ಟವೋ, ಮರಳು ಹೊಕ್ಕದ್ದನ್ನು ಬದುಕಿಸುವುದು ಕಷ್ಟವೋ ಎಂದು. ಇಲ್ಲಿಯೋ, ಒಂದೊಂದು ವಿಮಾನಕ್ಕೆ ನಾಲ್ಕು ಎಂಜಿನ್. ಒಂದೊಂದರಲ್ಲಿ 14 ಸಿಲಿಂಡರ್, 1,200 ಅಶ್ವಶಕ್ತಿ.

ನಮ್ಮವರಿಗೆ ಅದು ಸಾಧ್ಯವಾದದ್ದಕ್ಕೆ ಕಾರಣವಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಕಟ್ಟಿದ ಈ ಕಾರ್ಖಾನೆಗೆ ಮೈಸೂರು ಸಂಸ್ಥಾನವೂ ಬಂಡವಾಳ ಹಾಕಿತ್ತು. ನಮ್ಮ ಹಾಸನ ಜಿಲ್ಲೆಯ ಕಂದಾಯವೂ ಅದರಲ್ಲಿ ಸೇರಿರಲೇಬೇಕು! ಯುದ್ಧದಲ್ಲಿ ಅಮೆರಿಕನ್ನರಿಗಾಗಿ ಡಕೋಟಾಗಳನ್ನೂ, ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದ ಕ್ಯಾಟಲೀನಾಗಳನ್ನೂ ಅಲ್ಲಿ ದುರಸ್ತಿ ಮಾಡುತ್ತಿದ್ದರು. ಆ ಎರಡಕ್ಕೂ ಲಿಬರೇಟರಿಗೂ ಒಂದೇ ಜಾತಿಯ ಎಂಜಿನ್. ಕೈಗಳು ಮೊದಲೇ ಪಳಗಿದ್ದವು. ಕಾನ್ಪುರದಲ್ಲಿ ಹಾರುವಷ್ಟು ಮಟ್ಟಿಗೆ ಸರಿಪಡಿಸಿದ ವಿಮಾನಗಳನ್ನು ಸುಮಾರು 1,500 ಕಿ.ಮೀ. ದೂರದ ಬೆಂಗಳೂರಿಗೆ ಹಾರಿಸಿಕೊಂಡು ಬಂದವರು ಎಚ್.ಎ.ಎಲ್.ನ ಪರೀಕ್ಷಾ ಚಾಲಕ ಜಮ್ಷೆಡ್ ಮುನ್ಷಿ. ಹೀಗೆ ಸುಮಾರು 40 ವಿಮಾನಗಳು ಮರುಹುಟ್ಟು ಪಡೆದವು. 1948ರ ನವೆಂಬರಿನಲ್ಲಿ ನಮ್ಮ ವಾಯುಪಡೆ ಅವನ್ನು ಸೇರಿಸಿಕೊಂಡಿತು. ಸಮುದ್ರದ ಕಾವಲು ಕಾಯುತ್ತಾ ಕೊನೆಯವು ನಿವೃತ್ತವಾದದ್ದು 1968ರಲ್ಲಿ! ಬಳಿದ ಬಣ್ಣ ಇಪ್ಪತ್ತು ವರ್ಷ ಹಾರುತ್ತದೆಯೇ?

ಆಮೇಲೆ ಇಂಗ್ಲೆಂಡು, ಕೆನಡಾ, ಅಮೆರಿಕದ ವಸ್ತುಸಂಗ್ರಹಾಲಯಗಳವರು ಲಿಬರೇಟರ್ ಬೇಕೆಂದು ಬಂದದ್ದು ನಮ್ಮಲ್ಲಿಗೇ. ಕೆಡಿಸಿ ಹೋದವರ ದೇಶಕ್ಕೂ 1974ರಲ್ಲಿ ಒಂದನ್ನು ಕೊಟ್ಟೆವು.

ಒಂದು ದೆಹಲಿಯ ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿದೆ. ಅಪ್ಪಾ, ನೀನು ಕೆಲಸದ ಮೇಲೆ ಆ ಕಡೆ ಹೋಗುತ್ತಿರುತ್ತೀಯಲ್ಲ, ಈ ಸಲ ಒಂದು ಗಂಟೆ ಬಿಡುವು ಮಾಡಿಕೊಂಡು ನೋಡಿ ಬಾ. ಬಣ್ಣವನ್ನಲ್ಲ, ಎಂಜಿನ್ನುಗಳನ್ನು.