ಸೆಕೆಂಡ್ ಹ್ಯಾಂಡ್ ಹೈಬ್ರಿಡ್: ಬ್ಯಾಟರಿಯ ಸತ್ಯ ಹೇಳೋರು ಯಾರು?

ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನಾ ಸಿಕ್ಕಿಕೊಳ್ಳುವವರಿಗೆ ಹೈಬ್ರಿಡ್ ಕಾರಿನ ಲಾಭ ಬಿಡಿಸಿ ಹೇಳಬೇಕಿಲ್ಲ. ನಿಂತರೆ ಎಂಜಿನ್ ಆಫ್, ತೆವಳುವಾಗ ಮೋಟಾರ್, ಬ್ರೇಕ್ ಒತ್ತಿದರೆ ಬ್ಯಾಟರಿಗೆ ಚಾರ್ಜ್. ಪ್ಲಗ್ ಹುಡುಕುವ ತಾಪತ್ರಯವೂ ಇಲ್ಲ. ಚಾರ್ಜಿಂಗ್ ಪಾಯಿಂಟ್ ಹಾಕೋಕೆ ಮನೆ ಓನರ್ ಒಪ್ಪದ ಬಾಡಿಗೆದಾರರಿಗೆ ಇದೇ ವಾಸಿ.

ಆದರೆ ಹೊಸ ಕಾರು ಕೈಗೆಟುಕಲ್ಲ. ಅದಕ್ಕೆ ಸರ್ಕಾರದ ತೆರಿಗೆಯೂ ಕಾರಣ. ಇವಿಗೆ ಜಿಎಸ್‌ಟಿ ಶೇ. 5. ಹೈಬ್ರಿಡ್‌ಗೆ 2017ರಿಂದ ಸೆಸ್ ಸೇರಿ ಶೇ. 43 ಇತ್ತು. 2025ರ ಸೆಪ್ಟೆಂಬರ್ 22ರಿಂದ ದರ ಇಳಿದರೂ, ನಮ್ಮ ಬಿಡದಿಯಲ್ಲೇ ತಯಾರಾಗುವ ಹೈರೈಡರ್‌ನಂಥ ಕಾರಿಗೆ ಇನ್ನೂ ಶೇ. 40. ಹಾಗಾಗಿ ಮೊದಲ ಕಾರು ಕೊಳ್ಳುವ ಯುವಜನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಹೋಗುತ್ತಾರೆ. ಅಲ್ಲಿ ಮಾಹಿತಿಯೆಲ್ಲ ಮಾರುವವನ ಕೈಯಲ್ಲಿದೆ.

ಮೊದಲ ಮೋಸ ಹೆಸರಿನದ್ದು. ಹೈರೈಡರ್, ಗ್ರ್ಯಾಂಡ್ ವಿಟಾರಾ ಎರಡೂ ಮೈಲ್ಡ್ ಮತ್ತು ಸ್ಟ್ರಾಂಗ್ ಹೈಬ್ರಿಡ್ ರೂಪಗಳಲ್ಲಿ ಬಂದಿವೆ. ಲೀಟರ್‌ಗೆ 27.97 ಕಿ.ಮೀ. ಎಂದು ಕಂಪನಿ ಹೇಳಿಕೊಂಡಿದ್ದು ಸ್ಟ್ರಾಂಗ್‌ಗೆ ಮಾತ್ರ. ಮೈಲ್ಡ್‌ನ ಮೋಟಾರ್ ಎಂಜಿನ್‌ಗೆ ಒಂದಿಷ್ಟು ಕೈಜೋಡಿಸುತ್ತದೆ ಅಷ್ಟೇ, ತಾನೇ ಕಾರು ಎಳೆಯಲ್ಲ. ಮಾರುವವನು ಎರಡನ್ನೂ 'ಹೈಬ್ರಿಡ್' ಅಂತಲೇ ಕರೆದರೆ? ಆರ್‌ಸಿ ನೋಡಿ: 1490 ಸಿಸಿ ಇದ್ದರೆ ಸ್ಟ್ರಾಂಗ್, 1462 ಇದ್ದರೆ ಮೈಲ್ಡ್.

ಎರಡನೆಯದು ಬ್ಯಾಟರಿ. ಟೊಯೋಟಾ ತನ್ನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತದೆ, ಯಾವುದು ಮೊದಲೋ ಅದು. ಅಂದರೆ 2022ರಲ್ಲಿ ರಸ್ತೆಗಿಳಿದ ಕಾರಿಗೆ ಹೆಚ್ಚೆಂದರೆ 2030ರವರೆಗೆ ರಕ್ಷಣೆ. ಆಮೇಲಿನ ಖರ್ಚು ಎರಡನೆಯ, ಮೂರನೆಯ ಮಾಲೀಕನ ತಲೆಗೆ. ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲೇ ಅಧಿಕೃತ ಸರ್ವೀಸ್ ಸೆಂಟರ್‌ನಲ್ಲಿ ಬ್ಯಾಟರಿ ಪರೀಕ್ಷೆ ಮಾಡಿಸಿ. ಸರ್ವೀಸ್ ದಾಖಲೆ ಅಲ್ಲೇ ತೆಗೆಸಿ, ಓಡೋಮೀಟರ್‌ಗೆ ಹೋಲಿಸಿ. ವಾರಂಟಿ ಹೊಸ ಮಾಲೀಕರಿಗೂ ಸಿಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬೇರೆ ರಾಜ್ಯದ ಕಾರಾದರೆ ಎನ್‌ಒಸಿ ಜೊತೆಗೆ ಇಲ್ಲಿ ಕಟ್ಟಬೇಕಾದ ರಸ್ತೆ ತೆರಿಗೆಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಇಷ್ಟೆಲ್ಲ ಪತ್ತೇದಾರಿ ಕೆಲಸ ಕೊಳ್ಳುವವನೇ ಯಾಕೆ ಮಾಡಬೇಕು? 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಹಳೆ ಕಾರುಗಳ ಮೇಲಿನ ದರವನ್ನು ಶೇ. 18ಕ್ಕೆ ಏಕರೂಪಗೊಳಿಸಿತು. ಅದು ಡೀಲರ್‌ನ ಲಾಭಾಂಶದ ಮೇಲಿನ ತೆರಿಗೆ, ಇಡೀ ಬೆಲೆಯ ಮೇಲಲ್ಲ. ಆದರೂ ಕೊನೆಗೆ ಕಟ್ಟುವವರು ನಾವೇ. ಹಳೆ ವಾಹನ ಡೀಲರ್‌ಗಳು ಆರ್‌ಟಿಒ ಅನುಮತಿ ಪಡೆಯಬೇಕು, ತಮ್ಮಲ್ಲಿಗೆ ಬಂದ ವಾಹನದ ಮಾಹಿತಿ ಕೊಡಬೇಕು ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಇದೆ. ವಾಹನ ಯಾರ ಕೈಯಲ್ಲಿದೆ ಅಂತ ಸರ್ಕಾರಕ್ಕೆ ಗೊತ್ತಾಗಬೇಕು, ಸರಿ. ಆ ವಾಹನದ ಬ್ಯಾಟರಿ ಹೇಗಿದೆ ಅಂತ ನಮಗೆ ಗೊತ್ತಾಗಬೇಡವೇ?

ಬೇಡಿಕೆ ಸಣ್ಣದು. ಮಾಲೀಕತ್ವ ವರ್ಗಾವಣೆಯ ಫಾರಂ 29, 30ರ ಜೊತೆಗೆ ಹೈಬ್ರಿಡ್ ಮತ್ತು ಇವಿಗಳಿಗೆ ಬ್ಯಾಟರಿ ವರದಿ ಕಡ್ಡಾಯವಾಗಲಿ. ಹೊಗೆ ತಪಾಸಣೆ ಚೀಟಿ ಇಲ್ಲದಿದ್ದರೆ ದಂಡ ಹಾಕುವ ವ್ಯವಸ್ಥೆಗೆ ಇದು ಕಷ್ಟದ ಕೆಲಸವಲ್ಲ. ನಿಯಮ ಬದಲಿಸಬೇಕಾದ್ದು ಕೇಂದ್ರ, ಆದರೆ ಒತ್ತಾಯಿಸಲು ಈ ಕಾರುಗಳನ್ನು ತಯಾರಿಸುವ ಕರ್ನಾಟಕಕ್ಕಿಂತ ಸರಿಯಾದ ರಾಜ್ಯ ಯಾವುದಿದೆ?